ಅಂಕವಿದ್ದಾಗ ಸ್ಥಾನವಿಲ್ಲ, ಸ್ಥಾನವಿದ್ದಾಗ ಅಂಕವಿಲ್ಲ: ಪಿಎಚ್.ಡಿ. ಪ್ರವೇಶದ ನಿಯಮಗಳು ಮತ್ತು ನಮ್ಮ ಮಕ್ಕಳು

ಇತ್ತೀಚೆಗೆ ಒಂದು ಸಂಜೆ ಪ್ರಸಾದದ ಹೊತ್ತಿಗೆ ನಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಯೊಬ್ಬ ದಪ್ಪನೆಯ ಕಡತವೊಂದನ್ನು ಕಂಕುಳಲ್ಲಿ ಹಿಡಿದು ಬಂದು ನಮಸ್ಕರಿಸಿದ. ಕನ್ನಡ ಎಂ.ಎ. ಪದವಿಯನ್ನು ಉತ್ತಮ ಅಂಕಗಳೊಂದಿಗೆ ಪಡೆದವನು. ತಂದೆ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಹಮಾಲಿ, ಮನೆಯಲ್ಲಿ ಎಸ್.ಎಸ್.ಎಲ್.ಸಿ. ದಾಟಿದವರಲ್ಲಿ ಇವನೇ ಮೊದಲಿಗ. ಹಸ್ತಪ್ರತಿಗಳ ಮೇಲೆ ಸಂಶೋಧನೆ ಮಾಡಬೇಕೆಂಬುದು ಅವನ ಬಹುದಿನದ ಹಂಬಲ. ಕಡತವನ್ನು ಬಿಚ್ಚಿ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಅಂಕಪಟ್ಟಿಯನ್ನು ನಮ್ಮ ಮುಂದಿಟ್ಟು, "ಅಜ್ಜಾರ, ಈಗ ಅಂಕ ಅದಾವ್ರಿ, ಸೀಟಿಲ್ಲ. ಮುಂದಿನ ವರ್ಷ ಸೀಟು ಬಂದ್ರ ಅಂಕ ಇರೂದಿಲ್ರಿ" ಎಂದ.

ಹುಡುಗನ ಈ ಮಾತು ಒಗಟಿನಂತೆ ಕೇಳಿಸಬಹುದು. ಆದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಪಿಎಚ್.ಡಿ. ಪ್ರವೇಶಕ್ಕೆ ಸಂಬಂಧಿಸಿದ ನಿಯಮಗಳು ಕಳೆದ ಕೆಲವು ವರ್ಷಗಳಲ್ಲಿ ಬಹಳ ಬದಲಾಗಿವೆ. ಆ ಬದಲಾವಣೆಗಳು ಪತ್ರಿಕೆಗಳ ಒಳಪುಟಗಳಲ್ಲಿ ಬಂದುಹೋದವೇ ಹೊರತು ಹಳ್ಳಿಯಿಂದ ಬಂದು ಓದುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಅರ್ಥವಾಗುವಂತೆ ಯಾರೂ ಬಿಡಿಸಿ ಹೇಳಲಿಲ್ಲ. ಭಕ್ತರ ಮನೆಗಳಲ್ಲಿ ಈಗ ಸ್ನಾತಕೋತ್ತರ ಪದವೀಧರರು ಅಪರೂಪವಲ್ಲ. ಮುಂದೇನು ಎಂಬ ಪ್ರಶ್ನೆ ಆ ಮನೆಗಳಲ್ಲಿ ಎದ್ದಿರುವುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಮೂಲ ನಿಯಮವನ್ನು ಮೊದಲು ನೋಡೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಅಂದರೆ ಯು.ಜಿ.ಸಿ.ಯು, 2009 ಮತ್ತು 2016ರಲ್ಲಿ ಪಿಎಚ್.ಡಿ. ಕುರಿತ ಕನಿಷ್ಠ ಮಾನದಂಡಗಳನ್ನು ಹೊರಡಿಸಿತ್ತು. ಅವುಗಳ ಸ್ಥಾನದಲ್ಲಿ 2022ರ ನವೆಂಬರ್ ತಿಂಗಳಿನಿಂದ ಹೊಸ ನಿಯಮಾವಳಿ ಜಾರಿಗೆ ಬಂದಿದೆ. ಅದರೊಂದಿಗೆ ಎಂ.ಫಿಲ್. ಎಂಬ ನಡುವಿನ ಮೆಟ್ಟಿಲು ಇಲ್ಲವಾಯಿತು. ಮೂರು ವರ್ಷದ ಪದವಿ ಮತ್ತು ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆದವರಿಗೆ ಕನಿಷ್ಠ ಶೇ. 55 ಅಂಕಗಳಿರಬೇಕು. ನಾಲ್ಕು ವರ್ಷದ ಪದವಿಯನ್ನೇ ಮುಗಿಸಿ ನೇರವಾಗಿ ಸಂಶೋಧನೆಗೆ ಬರುವವರಿಗೆ ಶೇ. 75 ಅಂಕಗಳಿರಬೇಕು. ಈ ಎರಡನೆಯ ದಾರಿ ಕರ್ನಾಟಕದ ಬಹುಪಾಲು ಮಕ್ಕಳಿಗೆ ಕಾಗದದ ಮೇಲಷ್ಟೇ ಉಳಿಯುವಂಥದು. 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ಉತ್ಸಾಹದಿಂದ ಆರಂಭಿಸಿದ ನಮ್ಮ ರಾಜ್ಯವು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ತೀರ್ಮಾನದ ಸರಿತಪ್ಪುಗಳ ಚರ್ಚೆ ಬೇರೆ. ನಮ್ಮ ಮಕ್ಕಳು ಎಂ.ಎ., ಎಂ.ಎಸ್ಸಿ., ಎಂ.ಕಾಂ. ಮಾಡಿಯೇ ಸಂಶೋಧನೆಗೆ ಹೋಗಬೇಕು ಎಂಬಷ್ಟನ್ನು ತಿಳಿದುಕೊಂಡರೆ ಸದ್ಯಕ್ಕೆ ಸಾಕು.

ಅಂಕಗಳಲ್ಲಿ ಶೇ. 5ರ ರಿಯಾಯಿತಿಯೂ ಉಂಟು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ, ಅಂಗವಿಕಲರು ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಅದು ದೊರೆಯಬಹುದು. ಇಲ್ಲಿ ನಮ್ಮ ಸಮಾಜದ ಮಕ್ಕಳು ಪದೇ ಪದೇ ಎಡವುವುದನ್ನು ಕಂಡಿದ್ದೇವೆ. ರಾಜ್ಯ ಸರ್ಕಾರದ 3ಬಿ ಪ್ರವರ್ಗದ ಪ್ರಮಾಣಪತ್ರವೇ ಕೇಂದ್ರದ ಇತರ ಹಿಂದುಳಿದ ವರ್ಗದ ಪ್ರಮಾಣಪತ್ರವೆಂದು ಭಾವಿಸಿ ಅರ್ಜಿ ತುಂಬುತ್ತಾರೆ. ಎರಡೂ ಒಂದೇ ಅಲ್ಲ. ಕೇಂದ್ರದ ಪಟ್ಟಿಯಲ್ಲಿ ಇಡೀ ಲಿಂಗಾಯತ ಸಮಾಜ ಸೇರಿಲ್ಲ, ಕೆಲವು ಒಳಪಂಗಡಗಳು ಮಾತ್ರ ಸೇರಿವೆ. ಅರ್ಜಿ ತುಂಬುವ ದಿನ ಸೈಬರ್ ಅಂಗಡಿಯಲ್ಲಿ ಕುಳಿತು ಅವಸರದಲ್ಲಿ ಒತ್ತಿದ ಒಂದು ಗುಂಡಿ, ಆರು ತಿಂಗಳ ಬಳಿಕ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಕಣ್ಣೀರಾಗಿ ಬರುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಕೇಂದ್ರದ ನಮೂನೆ ಯಾವುದು, ರಾಜ್ಯದ ನಮೂನೆ ಯಾವುದು ಎಂದು ಕೇಳಿ ತಿಳಿಯಲು ಅರ್ಧ ದಿನ ಹೋದರೂ ನಷ್ಟವಿಲ್ಲ.

ಇನ್ನು ಹುಡುಗ ಹೇಳಿದ ಒಗಟಿಗೆ ಬರೋಣ. 2022ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯಗಳು ತಮ್ಮದೇ ಪ್ರವೇಶ ಪರೀಕ್ಷೆ ನಡೆಸಬಹುದಿತ್ತು. ಅರ್ಧದಷ್ಟು ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಉಳಿದರ್ಧ ವಿಷಯದ ಮೇಲೆ. ಆಯ್ಕೆಯಲ್ಲಿ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಮುಖ್ಯ. ಊರೂರಿಗೆ ಅಲೆದು ಹತ್ತು ಕಡೆ ಪರೀಕ್ಷೆ ಬರೆಯುವ ಹೊರೆಯನ್ನು ತಪ್ಪಿಸಬೇಕೆಂದು ಆಯೋಗವು 2024ರ ಮಾರ್ಚ್‌ನಲ್ಲಿ ಬೇರೊಂದು ದಾರಿ ತೆರೆಯಿತು. ಅದರಂತೆ ವರ್ಷಕ್ಕೆ ಎರಡು ಬಾರಿ ನಡೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ, ಅಂದರೆ ನೆಟ್‌ನ, ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಬಳಸಬಹುದು. ಫಲಿತಾಂಶದಲ್ಲಿ ಮೂರು ವರ್ಗಗಳಿವೆ. ಮೊದಲನೆಯವರಿಗೆ ಕಿರಿಯ ಸಂಶೋಧನಾ ಫೆಲೋಶಿಪ್, ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಮತ್ತು ಪಿಎಚ್.ಡಿ. ಅರ್ಹತೆ ಮೂರೂ ಸಿಗುತ್ತವೆ, ಎರಡನೆಯವರಿಗೆ ಫೆಲೋಶಿಪ್ ಬಿಟ್ಟು ಉಳಿದೆರಡು, ಮೂರನೆಯವರಿಗೆ ಪಿಎಚ್.ಡಿ. ಪ್ರವೇಶದ ಅರ್ಹತೆ ಮಾತ್ರ. ಮೊದಲ ವರ್ಗದವರನ್ನು ಸಂದರ್ಶನದಿಂದಲೇ ಆಯ್ಕೆ ಮಾಡುತ್ತಾರೆ. ಉಳಿದ ಎರಡು ವರ್ಗಗಳಿಗೆ ನೆಟ್ ಅಂಕ ಶೇ. 70, ಸಂದರ್ಶನ ಶೇ. 30.

ತೊಡಕಿರುವುದು ಇಲ್ಲಿಯೇ. ಪಿಎಚ್.ಡಿ. ಪ್ರವೇಶದ ಮಟ್ಟಿಗೆ ಎರಡನೆಯ ಮತ್ತು ಮೂರನೆಯ ವರ್ಗದವರ ಅಂಕಗಳಿಗೆ ಒಂದೇ ವರ್ಷದ ಆಯುಸ್ಸು. ಅಷ್ಟರಲ್ಲಿ ಪ್ರವೇಶ ದೊರೆಯದಿದ್ದರೆ ಮತ್ತೆ ಪರೀಕ್ಷೆ ಬರೆಯಬೇಕು. ಪ್ರತಿವರ್ಷವೂ ಗೊತ್ತಾದ ತಿಂಗಳಲ್ಲಿ ಪ್ರವೇಶ ನಡೆಸುವ ಸಂಸ್ಥೆಗಳ ವಿಷಯದಲ್ಲಿ ಇದು ನ್ಯಾಯವೇ. ಅಧಿಸೂಚನೆ ಎಂದು ಬರುವುದೋ ಯಾರಿಗೂ ತಿಳಿಯದ, ಬಂದರೂ ಅದರಲ್ಲಿ ತನ್ನ ವಿಷಯಕ್ಕೆ ಸ್ಥಾನವಿರುವುದೋ ಇಲ್ಲವೋ ಗೊತ್ತಿಲ್ಲದ ವಿಶ್ವವಿದ್ಯಾಲಯದ ಬಾಗಿಲಲ್ಲಿ ಕಾದು ನಿಂತ ವಿದ್ಯಾರ್ಥಿಗೆ ಇದು ಎಂಥ ನ್ಯಾಯ? ಅಂಕಕ್ಕೆ ಅವಧಿ ಗೊತ್ತುಮಾಡಿದವರು ಅಧಿಸೂಚನೆಗೂ ಅವಧಿ ಗೊತ್ತುಮಾಡಬೇಕಿತ್ತು. ಗಡಿಯಾರ ವಿದ್ಯಾರ್ಥಿಯ ಕೈಗೆ ಮಾತ್ರ ಕಟ್ಟಿದಂತಾಗಿದೆ. ನಮ್ಮ ಹುಡುಗನ ಸ್ಥಿತಿ ಇದೇ ಆಗಿತ್ತು. ಅವನ ಅಂಕಗಳು ಜೀವಂತವಾಗಿದ್ದ ವರ್ಷದಲ್ಲಿ ಅವನು ಬಯಸಿದ ವಿಭಾಗದಲ್ಲಿ ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳಬಲ್ಲ ಮಾರ್ಗದರ್ಶಕರು ಒಬ್ಬರೂ ಇರಲಿಲ್ಲ.

ಒಂದೇ ಬಾಗಿಲನ್ನು ನೆಚ್ಚಿಕೊಂಡರೆ ಏನಾಗಬಹುದೆಂಬುದನ್ನು ಆ ವರ್ಷವೇ ನಾಡು ಕಂಡಿತು. ಹೊಸ ವ್ಯವಸ್ಥೆಯ ಮೊದಲ ನೆಟ್ ಪರೀಕ್ಷೆ 2024ರ ಜೂನ್ 18ರಂದು ನಡೆಯಿತು. 9 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಪ್ರಶ್ನೆಪತ್ರಿಕೆ ಸೋರಿಕೆಯಾಗಿದೆಯೆಂಬ ಸುಳಿವಿನ ಮೇಲೆ ಮರುದಿನವೇ ಪರೀಕ್ಷೆ ರದ್ದಾಯಿತು. ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಗಣಕಯಂತ್ರದ ಮೂಲಕ ಮರುಪರೀಕ್ಷೆ ನಡೆಸಲಾಯಿತು. ಸೋರಿಕೆಯ ಸಾಕ್ಷ್ಯವೆಂದು ಹರಿದಾಡಿದ ಚಿತ್ರವೇ ತಿದ್ದಿ ಮಾಡಿದ್ದೆಂದು ಸಿ.ಬಿ.ಐ. ತನಿಖೆಯಲ್ಲಿ ಆಮೇಲೆ ಕಂಡುಬಂತು. ಅಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಬಸ್ಸಿನ ಖರ್ಚು, ವಸತಿಯ ಖರ್ಚು ಹೊಂದಿಸಿ ದೂರದ ಕೇಂದ್ರಕ್ಕೆ ಹೋಗಿ ಬಂದವರು ಅದನ್ನೆಲ್ಲ ಎರಡನೆಯ ಬಾರಿ ಹೊಂದಿಸಬೇಕಾಯಿತು.

ಇದಕ್ಕಿಂತಲೂ ನಮ್ಮನ್ನು ಹೆಚ್ಚು ಕಾಡುವ ಸಂಗತಿ ಭಾಷೆಯದು. ನೆಟ್ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳಿವೆ. ಎರಡನೆಯದು ಅಭ್ಯರ್ಥಿಯ ವಿಷಯಕ್ಕೆ ಸಂಬಂಧಿಸಿದ್ದು, 100 ಪ್ರಶ್ನೆ, 200 ಅಂಕ. ಕನ್ನಡ ವಿಷಯ ತೆಗೆದುಕೊಂಡವರಿಗೆ ಅದು ಕನ್ನಡದಲ್ಲಿರುತ್ತದೆ. ಮೊದಲನೆಯದು ಎಲ್ಲರಿಗೂ ಸಮಾನವಾದದ್ದು, 50 ಪ್ರಶ್ನೆ, 100 ಅಂಕ. ಬೋಧನಾ ಸಾಮರ್ಥ್ಯ, ಸಂಶೋಧನಾ ಪ್ರವೃತ್ತಿ, ತರ್ಕ, ದತ್ತಾಂಶ ವಿಶ್ಲೇಷಣೆ, ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ ಮುಂತಾದವು ಅದರ ವಸ್ತು. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಲಭ್ಯ. ಒಂದನೆಯ ತರಗತಿಯಿಂದ ಎಂ.ಎ.ವರೆಗೆ ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಯ ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಅವನದಲ್ಲದ ಭಾಷೆ ನಿರ್ಧರಿಸುತ್ತದೆ. ಹಿಂದಿ ಮಾತೃಭಾಷೆಯವನಿಗೆ ಈ ಕಷ್ಟವಿಲ್ಲ. ಒಂದೇ ಪಟ್ಟಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ಅಳೆಯುವಾಗ ಇದು ಸಣ್ಣ ವ್ಯತ್ಯಾಸವಲ್ಲ. ವಿಚಿತ್ರವೆಂದರೆ, ಆ ಪತ್ರಿಕೆಯ ಪಠ್ಯಕ್ರಮದಲ್ಲಿ ಭಾರತೀಯ ತರ್ಕಶಾಸ್ತ್ರವೂ ಇದೆ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ವ್ಯಾಪ್ತಿ, ಹೇತ್ವಾಭಾಸ ಇವೆಲ್ಲ ಕನ್ನಡ ಓದಿದವನಿಗೆ ಹತ್ತಿರದ ಪದಗಳೇ. ಆದರೂ ಅವುಗಳನ್ನು ಕುರಿತ ಪ್ರಶ್ನೆಯನ್ನು ಅವನು ಇಂಗ್ಲಿಷ್ ವಾಕ್ಯದೊಳಗಿನಿಂದ ಹೆಕ್ಕಿ ತೆಗೆಯಬೇಕು.

ಇದು ಸಾಧ್ಯವಾಗದ ಕೆಲಸವೇನಲ್ಲ. ನಮ್ಮ ರಾಜ್ಯದ ಕೆ-ಸೆಟ್ ಪರೀಕ್ಷೆಯಲ್ಲಿ ಇದೇ ಸ್ವರೂಪದ ಮೊದಲ ಪತ್ರಿಕೆಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕೊಡುತ್ತಾರೆ. ರಾಜ್ಯ ಮಾಡಬಲ್ಲುದನ್ನು ಕೇಂದ್ರ ಮಾಡಲಾರದೇ? ಕೆ-ಸೆಟ್ ಪಾಸಾದವರಿಗೆ ರಾಜ್ಯದ ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ. ಅದನ್ನು ಪಿಎಚ್.ಡಿ. ಪ್ರವೇಶಕ್ಕೆ ಎಷ್ಟರಮಟ್ಟಿಗೆ ಪರಿಗಣಿಸುತ್ತಾರೆಂಬುದು ಆಯಾ ವಿಶ್ವವಿದ್ಯಾಲಯದ ನಿಯಮವನ್ನು ಅವಲಂಬಿಸಿದ್ದು. ಅರ್ಜಿಗೆ ಮುನ್ನ ಅದನ್ನು ಓದಿ ನೋಡಬೇಕು. ಅಂದಹಾಗೆ, 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲ, ನೆಟ್, ಸೆಟ್ ಅಥವಾ ಸ್ಲೆಟ್ ಇದ್ದರೆ ಸಾಕೆಂದು ಆಯೋಗವೇ ಸ್ಪಷ್ಟಪಡಿಸಿದೆ. ನೌಕರಿಯೊಂದೇ ಗುರಿಯಾಗಿರುವ ಮಕ್ಕಳು ಇದನ್ನು ಗಮನಿಸಬೇಕು. ಸಂಶೋಧನೆಯಲ್ಲಿ ಒಲವಿಲ್ಲದಿದ್ದರೂ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಸಿಕೊಳ್ಳಲು ಆರು ವರ್ಷ ಕಳೆಯುವವರನ್ನು ಕಂಡಾಗ ಅವರ ಬಗೆಗೂ ಮರುಕವಾಗುತ್ತದೆ, ಅವರು ಹಿಡಿದಿಟ್ಟ ಸ್ಥಾನಕ್ಕಾಗಿ ಹೊರಗೆ ಕಾದು ನಿಂತವರ ಬಗೆಗೂ ಮರುಕವಾಗುತ್ತದೆ.

ಸ್ಥಾನಗಳ ಲೆಕ್ಕ ಹೀಗಿದೆ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಮಾರ್ಗದರ್ಶಕರು ಕಾಯಂ ಅಧ್ಯಾಪಕರೇ ಆಗಿರಬೇಕು. ಒಬ್ಬ ಪ್ರಾಧ್ಯಾಪಕ, ಒಬ್ಬ ಸಹ ಪ್ರಾಧ್ಯಾಪಕ, ಇಬ್ಬರು ಸಹಾಯಕ ಪ್ರಾಧ್ಯಾಪಕರಿರುವ ವಿಭಾಗದಲ್ಲಿ 22 ಸ್ಥಾನಗಳಾಗುತ್ತವೆ. ಪ್ರಾಧ್ಯಾಪಕರು ನಿವೃತ್ತರಾಗಿ ಆ ಹುದ್ದೆ ತುಂಬದೆ, ಸಹ ಪ್ರಾಧ್ಯಾಪಕರಿಗೆ ಎರಡೇ ವರ್ಷ ಸೇವೆ ಉಳಿದಿದೆಯೆಂದುಕೊಳ್ಳಿ. ಆಗ ಹೊಸಬರನ್ನು ತೆಗೆದುಕೊಳ್ಳಬಲ್ಲ ಸ್ಥಾನಗಳು ಎಂಟೇ. ಅವೂ ಮೊದಲೇ ತುಂಬಿದ್ದರೆ ಸೊನ್ನೆ. ಪಾಠವನ್ನೇನೋ ಅತಿಥಿ ಉಪನ್ಯಾಸಕರು ನಡೆಸಿಕೊಂಡು ಹೋಗುತ್ತಾರೆ. ಆದರೆ ಮಾರ್ಗದರ್ಶನ ಮಾಡಲು ನಿಯಮ ಅವರಿಗೆ ಬಿಡುವುದಿಲ್ಲ. ನಿಯಮದಲ್ಲಿ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಒಬ್ಬ ಗುರು ಇಪ್ಪತ್ತು ಶಿಷ್ಯರ ಪ್ರಬಂಧಗಳಿಗೆ ಓದದೆಯೇ ಸಹಿ ಹಾಕುವುದಕ್ಕಿಂತ ಈ ಮಿತಿ ಒಳ್ಳೆಯದು. ಆದರೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬೋಧಕ ಹುದ್ದೆಗಳನ್ನು ವರ್ಷಗಟ್ಟಲೆ ಖಾಲಿ ಬಿಟ್ಟಾಗ ಬಾಗಿಲು ಮುಚ್ಚುವುದು ತರಗತಿಯದಲ್ಲ, ಸಂಶೋಧನೆಯದು ಎಂಬುದನ್ನು ಸರ್ಕಾರದಲ್ಲಿರುವವರು ಗಮನಿಸಿದಂತಿಲ್ಲ. ಹಳಗನ್ನಡ, ಶಾಸನ, ಗ್ರಂಥಸಂಪಾದನೆಯಂಥ ಕ್ಷೇತ್ರಗಳಲ್ಲಿ ಬಲ್ಲ ಗುರುಗಳೇ ಕೆಲವರು; ಅವರೂ ನಿವೃತ್ತಿಯ ಅಂಚಿನವರು.

ಪ್ರತಿಯೊಂದು ಸಂಸ್ಥೆಯೂ ಮಾರ್ಗದರ್ಶಕರ ಹೆಸರು, ಅವರ ಬಳಿಯಿರುವ ವಿದ್ಯಾರ್ಥಿಗಳ ಹೆಸರು, ವಿಷಯ, ಪ್ರವೇಶದ ದಿನಾಂಕ ಇವನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಿ ವರ್ಷವರ್ಷವೂ ತಿದ್ದುತ್ತಿರಬೇಕೆಂದು ಇದೇ ನಿಯಮಾವಳಿ ಹೇಳುತ್ತದೆ. ವಿದ್ಯಾರ್ಥಿಗಳು ಅರ್ಜಿಗೆ ಮೊದಲು ನೋಡಬೇಕಾದ್ದು ಈ ಪಟ್ಟಿಯನ್ನು. ಪಟ್ಟಿ ಇಲ್ಲದಿದ್ದರೆ ಕುಲಸಚಿವರಿಗೆ ಪತ್ರ ಬರೆದು ಕೇಳಲು ಸಂಕೋಚ ಬೇಡ.

ಪ್ರವೇಶ ದೊರೆತ ಬಳಿಕದ ನಿಯಮಗಳು ಇಷ್ಟು ಕಠಿಣವಲ್ಲ. ಮೊದಲಿಗೆ 12ರಿಂದ 16 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಅದರಲ್ಲಿ ಶೇ. 55 ಅಂಕ. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಒಟ್ಟು ಹತ್ತು ವರ್ಷದವರೆಗೆ ಅವಕಾಶವಿದೆ. ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ಪಡೆಯಬಹುದು. ಮದುವೆಯ ಕಾರಣದಿಂದ ಊರು ಬಿಡಬೇಕಾದ ವಿದ್ಯಾರ್ಥಿನಿ ತನ್ನ ಸಂಶೋಧನೆಯನ್ನು ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಲೂ ದಾರಿಯಿದೆ. "ಮದುವೆಯಾಯಿತು, ಇನ್ನು ಓದು ಮುಗಿಯಿತು" ಎನ್ನುವ ಬೀಗರು ಈ ಮಾತನ್ನು ಎರಡು ಸಲ ಓದಲಿ. 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟಿಸುವುದು ಕಡ್ಡಾಯವಾಗಿತ್ತು, ಈಗ ಆ ಕಡ್ಡಾಯವನ್ನು ಆಯೋಗ ತೆಗೆದಿದೆ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಸಂತೆ ಇದರಿಂದಲಾದರೂ ಸ್ವಲ್ಪ ತೆಳುವಾದೀತು.

ಸಲ್ಲಿಸಿದ ಪ್ರಬಂಧದ ಮೌಲ್ಯಮಾಪನ, ಮೌಖಿಕ ಪರೀಕ್ಷೆ, ಫಲಿತಾಂಶ ಎಲ್ಲವೂ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮವಿದೆ. ಇದು ಎಷ್ಟು ಕಡೆ ಪಾಲನೆಯಾಗುತ್ತದೆಂಬುದನ್ನು ಪ್ರಬಂಧ ಸಲ್ಲಿಸಿ ಕುಳಿತವರೇ ಹೇಳಬೇಕು. ವಿದ್ಯಾರ್ಥಿ ಒಂದು ದಿನ ತಡಮಾಡಿದರೆ ದಂಡ ಕಟ್ಟಿಸಿಕೊಳ್ಳುವ ಕಚೇರಿಯು ತಾನು ಒಂದು ವರ್ಷ ತಡಮಾಡಿದರೆ ಯಾರಿಗೂ ಉತ್ತರ ಕೊಡುವುದಿಲ್ಲ. ಫೆಲೋಶಿಪ್ ಇರುವುದು ಐದು ವರ್ಷಕ್ಕೆ ಮಾತ್ರ: ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅದೂ ಮೊದಲ ವರ್ಗದವರಿಗೆ. ನಮ್ಮ ಹುಡುಗನಂಥವರಿಗೆ ಅದೂ ಇಲ್ಲ.

ಕೆಲಸ ಮಾಡುತ್ತಲೇ ಅರೆಕಾಲಿಕವಾಗಿ ಪಿಎಚ್.ಡಿ. ಮಾಡಲು 2022ರ ನಿಯಮ ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ಆದರೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ಬೇಕು. ಅಧ್ಯಯನಕ್ಕೆ ಅನುಮತಿ ಕೊಟ್ಟಿದ್ದೇವೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯವಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂದು ಅವರು ಬರೆದುಕೊಡಬೇಕು. ಈ ಮಾತು ಬಂದಾಗ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ಕರ್ನಾಟಕದಲ್ಲಿ ಮಠಗಳು ನಡೆಸುವ ಶಾಲಾ ಕಾಲೇಜುಗಳು ಕಡಿಮೆಯಲ್ಲ. ಅಲ್ಲಿ ದುಡಿಯುವ ತರುಣ ಶಿಕ್ಷಕ, ಶಿಕ್ಷಕಿಯರು ಈ ಒಂದು ಹಾಳೆಗಾಗಿ ಆಡಳಿತ ಮಂಡಳಿಯ ಮುಂದೆ ತಿಂಗಳುಗಟ್ಟಲೆ ಕೈಕಟ್ಟಿ ನಿಂತ ಪ್ರಸಂಗಗಳು ನಮ್ಮ ಕಿವಿಗೂ ಬಿದ್ದಿವೆ. "ಡಾಕ್ಟರೇಟ್ ಆದರೆ ನಮ್ಮನ್ನು ಬಿಟ್ಟು ಹೋಗುತ್ತಾರೆ" ಎಂಬ ಅಂಜಿಕೆ ಒಂದು, "ಪಾಠಕ್ಕೆ ಯಾರು?" ಎಂಬ ಪ್ರಶ್ನೆ ಇನ್ನೊಂದು. ಎರಡನೆಯದರಲ್ಲಿ ನಿಜವಿದೆ, ಅದಕ್ಕೆ ಬದಲಿ ವ್ಯವಸ್ಥೆ ಮಾಡಬಹುದು. ಮೊದಲನೆಯದು ವಿದ್ಯಾದಾನದ ಹೆಸರಿನಲ್ಲಿ ಸಂಸ್ಥೆ ಕಟ್ಟಿದವರ ಬಾಯಲ್ಲಿ ಶೋಭಿಸುವ ಮಾತಲ್ಲ. ಸರ್ಕಾರದ ನಿಯಮಗಳನ್ನು ವಿಮರ್ಶಿಸುವ ನಾವು ನಮ್ಮ ಮೇಜಿನ ಮೇಲೆ ಸಹಿಗಾಗಿ ಕಾದಿರುವ ಅರ್ಜಿಗಳನ್ನು ಮೊದಲು ವಿಲೇವಾರಿ ಮಾಡಬೇಕು.

ಇದರಲ್ಲಿ ನಮ್ಮ ಸ್ವಾರ್ಥವೂ ಇಲ್ಲದಿಲ್ಲ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದಾಗ ಅವರಿಗೆ ಯಾವ ಆಯೋಗದ ನೋಂದಣಿಯೂ ಇರಲಿಲ್ಲ. ವಿಜಯಪುರದ ವಕೀಲರಾಗಿದ್ದ ಅವರು ಕೈಯ ಹಣ ಹಾಕಿ, ಹಳ್ಳಿಗಳಲ್ಲಿ ಅಲೆದು ತಾಳೆಗರಿಗಳನ್ನು ಕೂಡಿಸಿದರು. ಮುಂದಿನ ತಲೆಮಾರಿನಲ್ಲಿ ಆ ಕೆಲಸ ವಿಶ್ವವಿದ್ಯಾಲಯಗಳಿಗೆ ಬಂತು. ಎಂ. ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ, ಎಂ.ಎಂ. ಕಲಬುರ್ಗಿಯವರ ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ ಇವು ಪಿಎಚ್.ಡಿ. ಪದವಿಗಾಗಿ ಬರೆದ ಪ್ರಬಂಧಗಳೇ. ಮಠಗಳ ಕಪಾಟುಗಳಲ್ಲಿ ಇನ್ನೂ ಬಿಚ್ಚದ ಕಟ್ಟುಗಳಿವೆ. ಅವನ್ನು ಓದಬಲ್ಲವರನ್ನು ತಯಾರು ಮಾಡಲು ವರ್ಷಗಳು ಬೇಕು. ಲಿಪಿ ಕಲಿಯಲು, ಪ್ರತಿಗಳನ್ನು ಹುಡುಕಲು, ಪಾಠಾಂತರಗಳನ್ನು ಹೋಲಿಸಲು ಮೊದಲೆರಡು ವರ್ಷ ಹೋದರೆ ಬರೆಯಲು ಉಳಿಯುವುದು ನಾಲ್ಕು. ಪ್ರಯೋಗಾಲಯದ ಸಂಶೋಧನೆಗೂ ತಾಳೆಗರಿಯ ಸಂಶೋಧನೆಗೂ ಒಂದೇ ಅಳತೆಗೋಲು ಹಿಡಿದಿರುವುದು ಸರಿಯೇ ಎಂದು ಬಲ್ಲವರು ಆಯೋಗವನ್ನು ಕೇಳಬೇಕಾಗಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ದಾರಿ ಬಿಗಿಯಾದಷ್ಟೂ ಕಳ್ಳದಾರಿಗಳು ಹುಟ್ಟುತ್ತವೆ. ನಿಯಮಗಳನ್ನು ಪಾಲಿಸದೆ ಪಿಎಚ್.ಡಿ. ಪದವಿ ನೀಡಿದ್ದಕ್ಕಾಗಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು 2025-26ರಿಂದ 2029-30ರವರೆಗೆ ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳದಂತೆ ಆಯೋಗ 2025ರ ಜನವರಿಯಲ್ಲಿ ನಿರ್ಬಂಧಿಸಿತು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಮಾಡಲು ಅವಕಾಶವೇ ಇಲ್ಲ. ಮನೆಯಲ್ಲೇ ಕುಳಿತು, ಒಂದೂವರೆ ವರ್ಷದಲ್ಲಿ, ಪ್ರಬಂಧವನ್ನೂ ನಾವೇ ಬರೆದುಕೊಡುತ್ತೇವೆ ಎನ್ನುವವರ ಕರೆಗೆ ಓಗೊಟ್ಟು ಹೊಲ ಅಡವಿಡಬೇಡಿ. ಇನ್ನೊಬ್ಬರ ಬರಹವನ್ನು ನಕಲು ಮಾಡಿದ್ದು ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆಂದು 2018ರ ಇನ್ನೊಂದು ನಿಯಮಾವಳಿ ಹೇಳುತ್ತದೆ. ಶೇ. 10ರವರೆಗಿನ ಹೋಲಿಕೆಗೆ ಮಾತ್ರ ಶಿಕ್ಷೆಯಿಲ್ಲ.

ಆ ಹುಡುಗನೊಡನೆ ಕುಳಿತು ಅಂದು ರಾತ್ರಿ ಮೂರು ವಿಶ್ವವಿದ್ಯಾಲಯಗಳ ಮಾರ್ಗದರ್ಶಕರ ಪಟ್ಟಿಗಳನ್ನು ನೋಡಿದೆವು. ಒಂದರಲ್ಲಿ ಪಟ್ಟಿಯೇ ಇರಲಿಲ್ಲ. ಇನ್ನೊಂದರಲ್ಲಿ ಇದ್ದದ್ದು ಮೂರು ವರ್ಷ ಹಳೆಯದು. ಅದರಲ್ಲಿದ್ದ ಒಬ್ಬರು ಆಗಲೇ ನಿವೃತ್ತರಾಗಿದ್ದರು. ಮೂರನೆಯದರಲ್ಲಿ ಹಸ್ತಪ್ರತಿಶಾಸ್ತ್ರ ಬಲ್ಲ ಸಹಾಯಕ ಪ್ರಾಧ್ಯಾಪಕರೊಬ್ಬರ ಬಳಿ ಇಬ್ಬರೇ ವಿದ್ಯಾರ್ಥಿಗಳಿದ್ದರು. ಅವರಿಗೆ ಪತ್ರ ಬರೆಯಲು ಹೇಳಿ ಕಳುಹಿಸಿದ್ದೇವೆ. ಅವನ ಅಂಕಗಳ ಅವಧಿ ಮುಗಿಯಲು ಇನ್ನು ಎರಡು ತಿಂಗಳಿವೆ. ಅಷ್ಟರಲ್ಲಿ ಅಧಿಸೂಚನೆ ಬಾರದಿದ್ದರೆ ಎಂದುಕೊಂಡು ಅವನು ಮುಂದಿನ ಪರೀಕ್ಷೆಗೂ ಅರ್ಜಿ ಹಾಕಿ, ಮೊದಲ ಪತ್ರಿಕೆಯ ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ಕನ್ನಡ ಅರ್ಥಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾನೆ. ಆ ಪುಸ್ತಕ ಪೂರ್ತಿಯಾದ ಮೇಲೆ ಪ್ರಸಾದ ನಿಲಯದ ಉಳಿದ ಮಕ್ಕಳಿಗೂ ಕೊಡುವಂತೆ ಕೇಳಿದ್ದೇವೆ.